ಹೊರಗಿನವ ಅಂದ್ರ ಯಾರು? ಬೀದರ ಸರಹದ್ದಿನ ಒಂದು ಲೆಕ್ಕ

2022ರ ಡಿಸೆಂಬರಿನಲ್ಲಿ ಐದು ದಿನದ ಅಂತರದಲ್ಲಿ ಎರಡು ರಾಜ್ಯಗಳ ಸದನಗಳು ನಮ್ಮ ಬಗ್ಗೆ ಠರಾವು ಪಾಸು ಮಾಡಿದವು. 22ನೇ ತಾರೀಖು ಬೆಳಗಾವಿಯಲ್ಲಿ ಕೂತ ಕರ್ನಾಟಕದ ಸದನ ಒಂದಿಂಚು ನೆಲವನ್ನೂ ಬಿಡುವುದಿಲ್ಲ ಅಂತು. 27ನೇ ತಾರೀಖು ನಾಗಪುರದಲ್ಲಿ ಕೂತ ಮಹಾರಾಷ್ಟ್ರದ ಸದನ ಬೆಳಗಾವಿ, ಕಾರವಾರ, ನಿಪ್ಪಾಣಿ, ಬೀದರ, ಭಾಲ್ಕಿ ಮತ್ತು 865 ಹಳ್ಳಿಗಳು ನಮ್ಮವು, ಸುಪ್ರೀಂ ಕೋರ್ಟಿನಲ್ಲಿ ನೋಡಿಕೊಳ್ಳುತ್ತೇವೆ ಅಂತು. ಎರಡೂ ಸರ್ವಾನುಮತದ ಠರಾವು. ಜಗಳಾಡುವ ಪಾರ್ಟಿಗಳು ಇಂಥದಕ್ಕೆ ಮಾತ್ರ ಒಂದಾಗುತ್ತವೆ. ಎರಡು ಕಡೆಯೂ ನೆಲದ ಮಾತಿತ್ತು. ಆ ನೆಲದಲ್ಲಿ ಒಂದು ಗುಂಟೆಯೂ ಇಲ್ಲದವರ ಮಾತು ಬರಲಿಲ್ಲ.

ಗಡಿಯ ಚರಿತ್ರೆಯನ್ನು ನಮಗೆ ಯಾವಾಗಲೂ ನಕಾಶೆಯ ಮೇಲೆ ಬೆತ್ತ ಇಟ್ಟು ಹೇಳಿಕೊಟ್ಟಿದ್ದಾರೆ. ಔರಾದ ತಾಲೂಕಿನ ಮೂಲೆಯಲ್ಲಿ ನಿಂತವನಿಗೆ ನಕಾಶೆ ಬೇಕಾಗಿಲ್ಲ. ಒಂದು ಕಡಿ ಮಹಾರಾಷ್ಟ್ರ, ಇನ್ನೊಂದು ಕಡಿ ತೆಲಂಗಾಣ. ಬಾಜಾರಕ್ಕೆ ಉದಗೀರ, ದವಾಖಾನಿಗೆ ಬೀದರ, ದುಡಿಮೆಗೆ ಹೈದರಾಬಾದು. ಹೆಣ್ಣು ಕೊಡೋದು ದೇಗಲೂರ ಕಡಿ, ತರೋದು ನಾರಾಯಣಖೇಡ ಕಡಿ. ಮನೆಯೊಳಗೆ ಕನ್ನಡ, ಸಂತೆಯೊಳಗೆ ಮರಾಠಿ, ಬಸ್‌ಸ್ಟ್ಯಾಂಡಿನೊಳಗೆ ಉರ್ದು. ಇಂಥ ಜಾಗದಲ್ಲಿ 'ಹೊರಗಿನವ' ಎಂಬ ಮಾತು ಯಾರ ಬಾಯಿಂದ ಬರುತ್ತದೆ, ಯಾರ ಬೆನ್ನ ಮೇಲೆ ಬೀಳುತ್ತದೆ ಎಂದು ನಾವು ಕೇಳಬೇಕಾಗಿದೆ. ಅಮೆರಿಕದಲ್ಲಿ ಮೆಕ್ಸಿಕೋ ಗಡಿಗೆ ಗೋಡೆ, ವಲಸೆಗಾರನ ಮೇಲೆ ಸಿಟ್ಟು, ಗಾಂಜಾ ಮುಕ್ತವೋ ಜೈಲೋ ಎಂಬ ವಾದ, ಈ ಮೂರೂ ಒಂದೇ ಚುನಾವಣೆಯ ಭಾಷಣದಲ್ಲಿ ಬರುತ್ತವೆ. ಅದು ದೂರದ ಮಾತು ಅಂತ ತಿಳಿಯಬೇಡಿ. ಮೂರೂ ನಮ್ಮ ಜಿಲ್ಲೆಯ ಹಳೆಯ ಸರಕು.

ಮೊದಲು ಕಲ್ಯಾಣ. ಹನ್ನೆರಡನೇ ಶತಮಾನದಲ್ಲಿ ಆ ಊರಿಗೆ ಕಾಶ್ಮೀರದಿಂದ ಮೋಳಿಗೆಯ ಮಾರಯ್ಯ ಬಂದ, ಅಫಘಾನಿಸ್ತಾನದ ಕಡೆಯಿಂದ ಮರುಳಶಂಕರದೇವ ಬಂದ ಎಂದು ಶರಣ ಪರಂಪರೆ ಹೇಳುತ್ತದೆ. ಬಂದವರನ್ನು ಯಾರೂ 'ಯಾವ ದೇಶ' ಎಂದು ತಡೆಯಲಿಲ್ಲವಂತೆ. ತಡೆ ಬಂದದ್ದು ಊರೊಳಗೇ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಆದಾಗ ಕಾಶ್ಮೀರದವನನ್ನು ಸಹಿಸಿದ ಊರು ಪಕ್ಕದ ಕೇರಿಯವನನ್ನು ಸಹಿಸಲಿಲ್ಲ. ಬೀಗರಿಬ್ಬರನ್ನೂ ಕೊಂದರು. ಶರಣರು ಉಳವಿಯ ಕಡೆ ಓಡಿದರು. ಗಡಿ ದಾಟಿ ಜೀವ ಉಳಿಸಿಕೊಳ್ಳುವವರ ಚರಿತ್ರೆ ಈ ಜಿಲ್ಲೆಯಲ್ಲಿ ಅಲ್ಲಿಂದಲೇ ಎಣಿಸಬಹುದು.

ಬೀದರ ಶಹರಿನ ವಲಸೆ ರಾಜಕೀಯಕ್ಕೆ ಮಾತ್ರ ಕಾಗದದ ಪುರಾವೆ ಇದೆ. ಹದಿನೈದನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಿಗೆ ತಂದ. ಆ ದರ್ಬಾರಿಗೆ ಇರಾನ್, ಇರಾಕ್, ಮಧ್ಯ ಏಷ್ಯಾದಿಂದ ಜನ ಬಂದರು: ಸೈನಿಕರು, ಕುದುರೆ ವ್ಯಾಪಾರಿಗಳು, ಪಂಡಿತರು, ಸೂಫಿಗಳು. ಇವರಿಗೆ ಅಫಾಕಿಗಳು ಅಂತ ಹೆಸರು, 'ಗರೀಬ್' ಅಂತಲೂ ಕರೆದರು. ಆ ಮಾತಿಗೆ ಇಲ್ಲಿ ಬಡವ ಅಂತ ಅರ್ಥವಲ್ಲ, ಪರದೇಶಿ ಅಂತ. ಅವರಿಗಿಂತ ಮೊದಲು ಬಂದು ನೆಲೆಸಿದ ಉತ್ತರದ ಮುಸ್ಲಿಮರು ದಖನಿಗಳು. ಆಫ್ರಿಕದಿಂದ ಗುಲಾಮರಾಗಿ ತಂದ ಹಬಶಿಗಳು ದಖನಿಗಳ ಕಡೆ ನಿಂತರು. ಅಂದರೆ ಮೊದಲು ಬಂದವರು ನಿನ್ನೆ ಬಂದವರನ್ನು 'ನೀವು ಹೊರಗಿನವರು' ಅಂದರು. ಒಂದು ನೂರು ವರ್ಷ ಈ ಜಗಳ ನಡೆಯಿತು. ಪುಣೆಯ ಹತ್ತಿರದ ಚಾಕಣದಲ್ಲಿ ಅಫಾಕಿಗಳ ಮಾರಣಹೋಮವೂ ಆಯಿತು.

ಮಹಮೂದ್ ಗವಾನನ ಕತೆ ಶಾಲೆಯಲ್ಲಿ ಎಲ್ಲರೂ ಓದಿರುತ್ತೀರಿ. ಇರಾನಿನ ಗಿಲಾನ್ ಸೀಮೆಯವ, ವ್ಯಾಪಾರಕ್ಕೆ ಬಂದು ವಜೀರನಾದ, 1472ರಲ್ಲಿ ಮದರಸಾ ಕಟ್ಟಿದ. ಅವನ ಶತ್ರುಗಳು ಮುದ್ರೆ ಕಾಯುವವನನ್ನು ಒಲಿಸಿಕೊಂಡು, ಒರಿಸ್ಸಾದ ರಾಜನಿಗೆ ಗವಾನ್ ಬರೆದ ಅಂತ ಒಂದು ಸುಳ್ಳು ಕಾಗದ ಹುಟ್ಟಿಸಿದರು: ಸರಹದ್ದಿನಲ್ಲಿ ಕಾವಲು ಇಲ್ಲ, ದಂಡೆತ್ತಿ ಬಾ ಅಂತ. 1481ರಲ್ಲಿ ಸುಲ್ತಾನ ಅವನ ತಲೆ ತೆಗೆಸಿದ. ಹೊರಗಿನವನನ್ನು ಮುಗಿಸಬೇಕಾದರೆ 'ಗಡಿಗೆ ದ್ರೋಹ ಬಗೆದ' ಎಂಬ ಒಂದು ಕಾಗದ ಸಾಕು ಎಂಬುದು ಆವತ್ತೇ ಗೊತ್ತಿತ್ತು. ರಾಜ್ಯ ಉಳಿಯಿತೇ? ಅದೂ ಇಲ್ಲ. ಸ್ವಲ್ಪ ಕಾಲದಲ್ಲೇ ಐದು ಚೂರಾಯಿತು.

ನಮಗೆ ಈ ಕತೆಯಲ್ಲಿ ಇನ್ನೊಂದು ಸಂಗತಿ ಮುಖ್ಯ. ಗವಾನನ ಕಾಲದಲ್ಲೇ ಬೀದರಿಗೆ ಬಂದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್, ಒಂದು ಕುದುರೆ ಮಾರಲು ಪಾಡುಪಟ್ಟವ, ಬರೆದಿಟ್ಟ ಮಾತಿನ ತಾತ್ಪರ್ಯ ಇಷ್ಟು: ಇಲ್ಲಿ ಆಳುವವರು ಖುರಾಸಾನಿಗಳು, ಸರದಾರರ ಬಳಿ ಲೆಕ್ಕವಿಲ್ಲದ ಸಿರಿ, ಹಳ್ಳಿಯ ಜನ ಬಹಳ ದರಿದ್ರರು. ದಖನಿ-ಅಫಾಕಿ ಜಗಳದ ಸಾವಿರ ಪುಟಗಳಲ್ಲಿ ಸಿಗದ ನಮ್ಮ ಜನ ಆ ಪರದೇಶಿಯ ಒಂದು ಸಾಲಿನಲ್ಲಿ ಸಿಗುತ್ತಾರೆ. ನೌಬಾದಿನ ಸುರಂಗ ಬಾವಿ ನೋಡಿ. ನೆಲದ ಒಳಗೆ ನೀರು ಹರಿಸುವ ಆ ವಿದ್ಯೆ ಇರಾನಿನಿಂದ ಬಂದದ್ದು, ಕರೇಜ್ ಅಂತಾರೆ. ಬಿದರಿ ಕಲೆಯ ಬೇರೂ ಆ ಕಡೆಯದೇ, ಆದರೆ ಅದಕ್ಕೆ ಕಪ್ಪು ಬಣ್ಣ ಬರುವುದು ಬೀದರ ಕೋಟೆಯ ಮಣ್ಣಿನಿಂದ. ಹೊರಗಿನ ವಿದ್ಯೆ, ಒಳಗಿನ ಮಣ್ಣು. ಕಲ್ಲು ಕೊರೆದು ಸುರಂಗದ ಒಳಗೆ ಇಳಿದವರ ಹೆಸರು ಮಾತ್ರ ಅಫಾಕಿಯೂ ಬರೆಯಲಿಲ್ಲ, ದಖನಿಯೂ ಬರೆಯಲಿಲ್ಲ.

ನಿಜಾಮನ ರಾಜ್ಯಕ್ಕೆ ಬರೋಣ. ಈಗ ಅಂತರರಾಜ್ಯ ಚೆಕ್‌ಪೋಸ್ಟ್ ಅಂತೀವಲ್ಲ, ಅದರ ಅಜ್ಜ ಕರೋಡಗಿರಿ ನಾಕಾ. 1802ರಲ್ಲಿ ಇಂಗ್ಲಿಷ್ ಕಂಪನಿಯೊಂದಿಗೆ ಆದ ವ್ಯಾಪಾರದ ಕರಾರಿನ ಪ್ರಕಾರ ಸರಹದ್ದು ದಾಟುವ ಸರಕಿಗೆ ನೂರಕ್ಕೆ 5ರಷ್ಟು ಸುಂಕ. ಸೊಲ್ಲಾಪುರದಿಂದ ಬರುವ ಬಟ್ಟೆಗೂ ಸುಂಕ, ಇಲ್ಲಿಂದ ಹೋಗುವ ಕಾಳಿಗೂ ಸುಂಕ. ರೊಕ್ಕವೂ ಬೇರೆ: ಆ ಕಡೆ ಇಂಗ್ಲಿಷರ ಕಲದಾರ ರೂಪಾಯಿ, ಈ ಕಡೆ ಹಾಲಿ ಸಿಕ್ಕಾ. ಏಳು ಹಾಲಿ ಕೊಟ್ಟರೆ ಆರು ಕಲದಾರ.

ಜನರ ಮೇಲಿನ ನಾಕಾ ಬೇರೆ ಇತ್ತು. ಅದರ ಹೆಸರು ಮುಲ್ಕಿ. ಸಾಲಾರಜಂಗ್ ಆಡಳಿತ ಸುಧಾರಿಸುತ್ತೇನೆಂದು ಉತ್ತರ ಹಿಂದುಸ್ತಾನದಿಂದ ಓದಿದವರನ್ನು ಕರೆಸಿದ. 1884ರಲ್ಲಿ ಫಾರ್ಸಿಯ ಜಾಗಕ್ಕೆ ಉರ್ದು ಬಂತು. ಕಚೇರಿ ತುಂಬ ಹೊರಗಿನವರೇ ಎಂದು ಊರಿನ ಓದಿದವರು ಬೊಬ್ಬೆ ಹಾಕಿದರು. 1919ರ ಫರ್ಮಾನಿನಲ್ಲಿ ನೌಕರಿ ಮುಲ್ಕಿಗಳಿಗೇ ಎಂದಾಯಿತು. ರಾಜ್ಯದಲ್ಲಿ ಹುಟ್ಟಿದವ ಮುಲ್ಕಿ, 15 ವರ್ಷ ನೆಲೆಸಿ ತಿರುಗಿ ಹೋಗುವುದಿಲ್ಲ ಎಂದವನೂ ಮುಲ್ಕಿ. ಕೇಳಲು ಚಂದ. ಆದರೆ ಮುಲ್ಕಿ ಸರ್ಟಿಫಿಕೇಟು ಬೇಕಾದದ್ದು ನೌಕರಿಗೆ, ನೌಕರಿಗೆ ಬೇಕಾದದ್ದು ಓದು, ಓದಿಗೆ ಬೇಕಾದದ್ದು ಸಾಲಿಯ ಒಳಗೆ ಕೂಡುವ ಹಕ್ಕು. ಏಳು ತಲೆಮಾರಿನಿಂದ ಇದೇ ಮಣ್ಣಿನಲ್ಲಿ ಬಿಟ್ಟಿ ಚಾಕರಿ ಮಾಡಿದ ಹೊಲೆಯ, ಮಾದಿಗನಿಗೆ ಮುಲ್ಕಿ ಆಗಿ ಏನು ಸಿಕ್ಕಿತು? ಅವನು ಎಷ್ಟು ಮುಲ್ಕಿಯಾದರೂ ಊರ ಬಾವಿಗೆ ಗೈರ್-ಮುಲ್ಕಿಯೇ.

ಇದೇ ಕಾಲದಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಈ ಭಾಗದ ಜನ ಇಂದಿಗೂ ಹೇಳುತ್ತಾರೆ. ಹೇಳತಕ್ಕ ಮಾತೇ. ಕನ್ನಡವೇ ಇಲ್ಲಿ ಒಂದು ಕಾಲಕ್ಕೆ ಕಳ್ಳಮಾಲಿನ ಹಾಗೆ ಬಾಗಿಲ ಹಿಂದೆ ಬದುಕಿತ್ತು ಎಂಬುದನ್ನು, ಈಗ ಕನ್ನಡದ ಹೆಸರಿನಲ್ಲಿ ಇನ್ನೊಬ್ಬನ ಬಾಯಿ ಮುಚ್ಚಿಸಲು ಹೋಗುವವರು ನೆನಪಿಟ್ಟುಕೊಂಡರೆ ಒಳ್ಳೆಯದು.

1947-48ರ ಮಾತನ್ನು ತಗ್ಗಿದ ದನಿಯಲ್ಲೇ ಹೇಳಬೇಕು. ಬೇರೆ ಪ್ರಾಂತಗಳಿಂದ ಹೆದರಿ ಓಡಿಬಂದ ಮುಸ್ಲಿಂ ನಿರಾಶ್ರಿತರು ನಿಜಾಮನ ರಾಜ್ಯದ ಒಳಗೆ. ರಜಾಕಾರರಿಗೆ ಹೆದರಿದ ಹಿಂದೂ ಕುಟುಂಬಗಳು ಸರಹದ್ದು ದಾಟಿ ಸೊಲ್ಲಾಪುರ, ಬಾರ್ಶಿ ಕಡೆಗೆ. ಒಂದೇ ದಾರಿಯ ಮೇಲೆ ಎರಡು ದಿಕ್ಕಿನ ಬಂಡಿಗಳು. 1948ರ ಮೇ 9ರಂದು ನಮ್ಮ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ಸುಮಾರು 200 ಜನರನ್ನು ಕೊಂದರು. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು, ನಾಲ್ಕೈದು ದಿನದಲ್ಲಿ ನಿಜಾಮ ಶರಣಾದ. ಅದರ ಮೇಲೆ ಆದದ್ದನ್ನು ಪಠ್ಯಪುಸ್ತಕ ಹೇಳುವುದಿಲ್ಲ. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಹಳ್ಳಿ ಹಳ್ಳಿ ತಿರುಗಿ, ಸತ್ತ ಮುಸ್ಲಿಮರ ಸಂಖ್ಯೆ ರಾಜ್ಯದಾದ್ಯಂತ 27,000ದಿಂದ 40,000 ಎಂದು ಅಂದಾಜು ಮಾಡಿತು. ಅತಿ ಹೆಚ್ಚು ಕೆಟ್ಟ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ, ಗುಲ್ಬರ್ಗಾ, ಬೀದರ, ನಾಂದೇಡ. ಆ ವರದಿ ಜನರ ಕೈಗೆ ಸಿಗಲು 2013 ಬರಬೇಕಾಯಿತು. ಗೋರಟಾದಲ್ಲಿ 2023ರಲ್ಲಿ ಸ್ಮಾರಕ ಉದ್ಘಾಟನೆ ಆಯಿತು, ದೊಡ್ಡ ಬಾವುಟ ಹಾರಿತು. ಆಗಬೇಕಾದದ್ದೇ. ಸುಂದರಲಾಲ್ ಎಣಿಸಿದವರ ಹೆಸರಿನ ಒಂದು ಕಲ್ಲನ್ನು ನಾವು ಈ ಜಿಲ್ಲೆಯಲ್ಲಿ ಕಂಡಿಲ್ಲ.

ಅದೇ ವೇಳೆಗೆ ಹೊಸ ಸರ್ಕಾರ 'ವಿದೇಶಿ'ಗಳನ್ನು ಹುಡುಕತೊಡಗಿತು. ನಿಜಾಮನ ದಂಡಿನಲ್ಲಿ, ಜಹಗೀರದಾರರ ಕಾವಲಿನಲ್ಲಿ, ಸಾಲ ವಸೂಲಿಯಲ್ಲಿ ಇದ್ದ ಅರಬ್ಬರು, ಪಠಾಣರನ್ನು ಹಿಡಿದು ಶಿಬಿರದಲ್ಲಿ ಇಟ್ಟರು, ಸಾಗಹಾಕಲು ನೋಡಿದರು. ಅವರಲ್ಲಿ ಎಷ್ಟೋ ಜನ ಇಲ್ಲೇ ಹುಟ್ಟಿದವರು. ಸಾಲ ವಸೂಲಿಗೆ ಬಂದ ರೋಹಿಲನ ಕಾಟ ನಮ್ಮ ಕೇರಿಗಳಿಗೆ ಗೊತ್ತಿಲ್ಲದ್ದಲ್ಲ. ಆದರೆ ಬಡ್ಡಿ ತಿಂದವನನ್ನು ಬಡ್ಡಿಗಾಗಿ ಹಿಡಿಯಲಿಲ್ಲ, ರಕ್ತಕ್ಕಾಗಿ ಹಿಡಿದರು. ಬಡ್ಡಿ ತಿನ್ನುವ ದೇಶಮುಖ ದೇಶದವನೇ ಆದ್ದರಿಂದ ಉಳಿದುಕೊಂಡ.

ನಮ್ಮ ಜನ ಈ ಕಾಲದಲ್ಲಿ ಒಂದೇ ದಾರಿ ಹಿಡಿಯಲಿಲ್ಲ. ಬಿ.ಎಸ್. ವೆಂಕಟರಾವ್, ಬಿ. ಶ್ಯಾಮಸುಂದರ್ ನಿಜಾಮನ ಜತೆ ನಿಂತರು. ವೆಂಕಟರಾವ್ ಅವನ ಸರ್ಕಾರದಲ್ಲಿ ಮಂತ್ರಿ. ಶ್ಯಾಮಸುಂದರ್ 1948ರಲ್ಲಿ ಹೈದರಾಬಾದಿನ ಪರವಾಗಿ ವಿಶ್ವಸಂಸ್ಥೆಗೆ ಹೋದ ನಿಯೋಗದಲ್ಲಿದ್ದರು. ಅಂಬೇಡ್ಕರರು ಮಾತ್ರ 1947ರ ನವೆಂಬರಿನಲ್ಲೇ ಬಹಿರಂಗ ಹೇಳಿಕೆ ಕೊಟ್ಟಿದ್ದರು: ಪಾಕಿಸ್ತಾನದಲ್ಲಿ ಸಿಕ್ಕಿಕೊಂಡ ಅಸ್ಪೃಶ್ಯರು ಭಾರತಕ್ಕೆ ಬನ್ನಿ, ಹೈದರಾಬಾದಿನವರು ನಿಜಾಮನ ಕಡೆ ಸೇರಬೇಡಿ ಎಂದು. ಸವರ್ಣ ಹಿಂದೂವಿನ ಮೇಲಿನ ಸಿಟ್ಟಿಗೆ ನಿಜಾಮನ ನೆರಳು ಹುಡುಕಿದವರನ್ನು ದ್ರೋಹಿಗಳು ಎನ್ನುವುದು ಸುಲಭ. ಹಳ್ಳಿಯಲ್ಲಿ ಅವರಿಗೆ ಯಾವ ನೆರಳು ಸಿಕ್ಕಿತ್ತು ಎಂದೂ ಕೇಳಬೇಕಲ್ಲ. ಅದೇ ಶ್ಯಾಮಸುಂದರ್ 1968ರಲ್ಲಿ ಗುಲ್ಬರ್ಗಾದಲ್ಲಿ ಭೀಮಸೇನೆ ಕಟ್ಟಿದರು, ನಮ್ಮ ಚಳವಳಿಗಳಿಗೆ ಮೊದಲು. ಬೆಂಗಳೂರಿನಲ್ಲಿ ಬರೆಯುವ ದಲಿತ ಚರಿತ್ರೆಗಳಲ್ಲಿ ಅವರಿಗೆ ಸಿಗುವ ಜಾಗ ಕಡಿಮೆ. ಗಡಿ ಅಲ್ಲಿಯೂ ಇದೆ.

1952ರಲ್ಲಿ ಮತ್ತೆ ಮುಲ್ಕಿ ಗಲಾಟೆ. ಮದ್ರಾಸ್ ಕಡೆಯಿಂದ ಬಂದ ನೌಕರರ ವಿರುದ್ಧ ಹೈದರಾಬಾದಿನ ವಿದ್ಯಾರ್ಥಿಗಳು ಬೀದಿಗಿಳಿದರು, 'ಇಡ್ಲಿ ಸಾಂಬಾರ್ ಗೋ ಬ್ಯಾಕ್' ಎಂದು ಕೂಗಿದರು. ಸೆಪ್ಟೆಂಬರಿನಲ್ಲಿ ಗೋಲಿಬಾರ್ ಆಗಿ ಹುಡುಗರು ಸತ್ತರು. ನಾಲ್ಕು ವರ್ಷದಲ್ಲಿ ಆ ರಾಜ್ಯವೇ ಇಲ್ಲವಾಯಿತು.

ಆ ಕತ್ತರಿಯ ಕೆಲಸ ಹೇಗಾಯಿತು ಅಂತ ಸ್ವಲ್ಪ ನಿಂತು ನೋಡಬೇಕು. 1955ರ ರಾಜ್ಯ ಪುನರ್ವಿಂಗಡಣಾ ಆಯೋಗ ಬೀದರ ಜಿಲ್ಲೆಯನ್ನು ಇಡಿಯಾಗಿ, ಉಳಿದ ಹೈದರಾಬಾದ್ ರಾಜ್ಯದಲ್ಲೇ ಬಿಡಿ ಎಂದಿತ್ತು. ಸರ್ಕಾರ ಕೇಳಲಿಲ್ಲ. 1956ರ ನವೆಂಬರ್ 1ರಂದು ಜಿಲ್ಲೆ ಮೂರು ಪಾಲಾಯಿತು. ಅಹಮದಪುರ, ನಿಲಂಗಾ, ಉದಗೀರ ತಾಲೂಕು ಮುಂಬಯಿ ರಾಜ್ಯಕ್ಕೆ. ನಾರಾಯಣಖೇಡ, ಜಹೀರಾಬಾದ್ ತಾಲೂಕು ಆಂಧ್ರಕ್ಕೆ, ಆದರೆ ಜಹೀರಾಬಾದಿನ ನಿರ್ಣಾ ಸರ್ಕಲ್ ಬಿಟ್ಟು. ಬೀದರ ತಾಲೂಕಿನ ನ್ಯಾಲಕಲ್ ಸರ್ಕಲ್ ಆ ಕಡೆ. ಉಳಿದ ಬೀದರ, ಭಾಲ್ಕಿ, ಹುಮನಾಬಾದ ಮತ್ತು ಸಂತಪುರ, ಅಂದರೆ ಈಗಿನ ಔರಾದ, ಮೈಸೂರು ರಾಜ್ಯಕ್ಕೆ. ಗಿರದಾವರನ ಸರ್ಕಲ್ಲು ಒಂದು ಕಡಿ ಹೋದರೆ ಅಣ್ಣ ಆಂಧ್ರದವ, ತಮ್ಮ ಮೈಸೂರಿನವ. ಕೇರಿಯವರನ್ನು ಯಾರೂ ಕೇಳಲಿಲ್ಲ.

ಗಡಿ ಅಲ್ಲಿಗೆ ನಿಲ್ಲಲಿಲ್ಲ. ಮಹಾರಾಷ್ಟ್ರ ಭಾಲ್ಕಿ, ಔರಾದ, ಹುಮನಾಬಾದಿನ ಹಳ್ಳಿಗಳನ್ನೂ ಕೇಳಿತು. 1966ರಲ್ಲಿ ಮಹಾಜನ ಆಯೋಗ, 1967ರಲ್ಲಿ ವರದಿ: 264 ಊರು ಮಹಾರಾಷ್ಟ್ರಕ್ಕೆ, 247 ಊರು ಮೈಸೂರಿಗೆ. ಆ 264 ಎಲ್ಲ ಬೆಳಗಾವಿ ಜಿಲ್ಲೆಯವು, ಬೀದರಿನದು ಒಂದೂ ಇಲ್ಲ. ಕರ್ನಾಟಕ ಒಪ್ಪಿತು, ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಭಾಷೆಯ ರಾಜ್ಯ ಎಂದರೆ ಆ ಭಾಷೆಯ ಬಲಾಢ್ಯ ಜಾತಿಯ ರಾಜ್ಯವೇ ಆಗುವ ಅಪಾಯವನ್ನು ಅಂಬೇಡ್ಕರರು 1955ರಲ್ಲೇ ಭಾಷಾವಾರು ರಾಜ್ಯಗಳ ಕುರಿತ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಗಡಿ ಚಳವಳಿಯ ಎರಡೂ ಕಡೆಯ ವೇದಿಕೆಗಳ ಮೇಲೆ ಕೂತವರ ಅಡ್ಡಹೆಸರು ಓದಿದರೆ ಬೇರೆ ಭಾಷ್ಯ ಬೇಕಿಲ್ಲ.

ಗಡಿಯ ನಿಜವಾದ ಮುಳ್ಳುತಂತಿ ಇರುವುದು ತಹಸೀಲ ಕಚೇರಿಯಲ್ಲಿ. 1950ರ ಪರಿಶಿಷ್ಟ ಜಾತಿಗಳ ಆದೇಶ ರಾಜ್ಯವಾರು ಪಟ್ಟಿ. ಲಂಬಾಣಿಗಳನ್ನು ನೋಡಿ. ಒಂದೇ ಗೋರಬೋಲಿ, ಒಂದೇ ಸೇವಾಲಾಲ, ಒಂದೇ ತಾಂಡಾದಿಂದ ಒಡೆದ ಮನೆತನಗಳು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಮಹಾರಾಷ್ಟ್ರದಲ್ಲಿ ಎರಡೂ ಅಲ್ಲ, ವಿಮುಕ್ತ ಜಾತಿ. ವಡ್ಡರದೂ ಹೆಚ್ಚುಕಡಿಮೆ ಇದೇ ಗತಿ: ಇಲ್ಲಿ ಪರಿಶಿಷ್ಟ, ಅಲ್ಲಿ ವಿಮುಕ್ತ, ಮತ್ತೊಂದು ಕಡೆ ಹಿಂದುಳಿದ ವರ್ಗ. ಔರಾದ ತಾಲೂಕಿನ ತಾಂಡಾದ ಹೆಣ್ಣುಮಗಳು ಆರೇಳು ಮೈಲಿ ಆಚೆ ಮದುವೆಯಾಗಿ ಹೋದರೆ ಅವಳ ಸರ್ಟಿಫಿಕೇಟು ಅಲ್ಲಿ ಬರೀ ಕಾಗದ. ಆಂಧ್ರದಿಂದ ಬಂದ ಪರಿಶಿಷ್ಟ ಪಂಗಡದ ಹುಡುಗನೊಬ್ಬ ಮುಂಬೈ ಮೆಡಿಕಲ್ ಕಾಲೇಜಿನಲ್ಲಿ ಸೀಟು ಕೇಳಿದಾಗ ಸುಪ್ರೀಂ ಕೋರ್ಟು 1990ರಲ್ಲಿ ಹೇಳಿದ್ದು ಇದನ್ನೇ: ರಾಜ್ಯ ದಾಟಿದರೆ ಮೀಸಲಾತಿ ಜತೆಗೆ ಬರುವುದಿಲ್ಲ. 2018ರಲ್ಲಿ ಸಂವಿಧಾನ ಪೀಠವೂ ರಾಜ್ಯಗಳ ಮಟ್ಟಿಗೆ ಅದನ್ನೇ ಖಾಯಂ ಮಾಡಿತು. ಒಂದೊಂದು ರಾಜ್ಯದಲ್ಲಿ ಜಾತಿಯ ಸ್ಥಿತಿ ಬೇರೆ ಎಂಬುದು ಕಾನೂನಿನ ತರ್ಕ. ಗಡಿ ದಾಟಿದ ಮೇಲೆ ನಮ್ಮ ಹಕ್ಕು ಬರಲ್ಲ, ಅಸ್ಪೃಶ್ಯತೆ ಮಾತ್ರ ಟಿಕೇಟಿಲ್ಲದೆ ಬಸ್ಸು ಹತ್ತಿ ಬರ್ತದ.

ಮುಲ್ಕಿಯೂ ತಿರುಗಿ ಬಂದಿದೆ, ಹೆಸರು ಬದಲಿಸಿ. 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371(ಜೆ) ನಮ್ಮ ಭಾಗಕ್ಕೆ ಓದು, ನೌಕರಿಯಲ್ಲಿ ಪಾಲು ಕೊಟ್ಟಿದೆ. ಅದು ಹೋರಾಡಿ ಪಡೆದದ್ದು, ಅದರ ವಿರುದ್ಧ ನಮ್ಮ ಮಾತಿಲ್ಲ. ಇಲ್ಲಿ ಹುಟ್ಟಿದವರು, ಇಲ್ಲವೇ 2013ರ ಜನವರಿ 1ಕ್ಕೆ ಮೊದಲು ಹತ್ತು ವರ್ಷ ನೆಲೆಸಿದವರು ಸ್ಥಳೀಯರು. ಪುರಾವೆ ಬೇಕು. ಪಕ್ಕಾ ಮನೆ, ಹೊಲದ ಪಹಣಿ ಇದ್ದವನಿಗೆ ಪುರಾವೆ ಪೆಟ್ಟಿಗೆಯಲ್ಲಿರುತ್ತದೆ. ಪ್ರತಿ ವರ್ಷ ಕಬ್ಬು ಕಡಿಯಲು, ಇಟ್ಟಂಗಿ ಭಟ್ಟಿಗೆ, ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಹೋಗಿಬರುವವನ ಮಗು ಎಲ್ಲಿ ಹುಟ್ಟಿತು ಅಂದರೆ ಗುಡಿಸಲಲ್ಲಿ ಹುಟ್ಟಿತು. ಆ ಗುಡಿಸಲು ಯಾವ ರಾಜ್ಯದ್ದು?

ಈಗ ಗಾಂಜಾ. 'ಇತಿಹಾಸದ ಲೇಖನದಾಗ ಇದ್ಯಾಕ ಬಂತು' ಅಂತ ಕೇಳುವವರಿಗೆ ಒಂದು ಮಾತು: ಗಡಿ ಇದ್ದಲ್ಲಿ ಕಳ್ಳಮಾಲಿನ ಇತಿಹಾಸ ಇದ್ದೇ ಇರುತ್ತದೆ. ಕಳ್ಳಮಾಲು ಯಾವುದು ಎಂದು ಠರಾಯಿಸುವುದು ಮಾತ್ರ ಸರ್ಕಾರ.

ನಿಜಾಮನ ಕಾಲಕ್ಕೆ ಅಬಕಾರಿ ಖಜಾನೆಯ ದೊಡ್ಡ ಕಂಬ. ಸೇಂದಿ, ಸಾರಾಯಿಯ ಜತೆಗೆ ಅಫೀಮು, ಗಾಂಜಾ ಕೂಡ ಪರವಾನಗಿಯ ಮಾಲು. ಬ್ರಿಟಿಷ್ ಇಂಡಿಯಾದಲ್ಲೂ ಹಾಗೇ. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಗಾಂಜಾ ಜನರನ್ನು ಹುಚ್ಚರನ್ನಾಗಿ ಮಾಡುತ್ತದೆಯೇ ಎಂದು ಪ್ರಶ್ನೆ ಎದ್ದಾಗ 1893ರಲ್ಲಿ ಒಂದು ಆಯೋಗ ನೇಮಿಸಿದರು. ಅದು 1,193 ಸಾಕ್ಷಿಗಳನ್ನು ವಿಚಾರಿಸಿ ಏಳು ಸಂಪುಟ ಬರೆಯಿತು. ತೀರ್ಮಾನ: ಮಿತವಾಗಿ ಸೇದುವವನಿಗೆ ದೊಡ್ಡ ಹಾನಿ ಇಲ್ಲ, ಪೂರ್ತಿ ನಿಷೇಧ ಬೇಡ, ಲೈಸೆನ್ಸು ಕೊಟ್ಟು ತೆರಿಗೆ ಹಾಕಿ. ಸಾಹೇಬರಿಗೆ ನಮ್ಮ ಜನರ ಮೇಲೆ ಕನಿಕರ ಬಂತು ಅಂತಲ್ಲ, ತೆರಿಗೆ ಬೇಕಿತ್ತು. ಆದರೂ ಅಷ್ಟು ಮಂದಿಯನ್ನು ಕೇಳಿದರು. ಸ್ವತಂತ್ರ ಭಾರತ 1985ರಲ್ಲಿ ಎನ್‌ಡಿಪಿಎಸ್ ಕಾಯಿದೆ ತಂದಾಗ ಗಾಂಜಾ ಸೇದುವ ಯಾವ ಕುರುಬನನ್ನು, ಯಾವ ಫಕೀರನನ್ನು ಕೇಳಿತು? 1961ರ ಅಂತರರಾಷ್ಟ್ರೀಯ ಒಪ್ಪಂದ ಕೊಟ್ಟ 25 ವರ್ಷದ ಗಡುವು ಮುಗಿಯುತ್ತಾ ಬಂದಿತ್ತು, ಅದರ ಹಿಂದೆ ಅಮೆರಿಕದ ಒತ್ತಾಯವಿತ್ತು.

ಆ ಅಮೆರಿಕದಲ್ಲೇ ಗಾಂಜಾ ವಿರೋಧ ಹುಟ್ಟಿದ ಬಗೆ ನೋಡಿ. ಮೆಕ್ಸಿಕೋದಿಂದ ಬಂದ ಕೂಲಿಗಳು ಸೇದುತ್ತಾರೆ ಎಂದು ಅವರ ಮಾತಿನ 'ಮರಿಹುವಾನಾ' ಎಂಬ ಹೆಸರನ್ನೇ ಗಾಬರಿ ಹುಟ್ಟಿಸಲು ಬಳಸಿ 1937ರಲ್ಲಿ ಕಾಯಿದೆ ಮಾಡಿದರು. ವಲಸೆಗಾರನ ಮೇಲಿನ ಸಿಟ್ಟು ಗಿಡದ ಮೇಲೆ ತಿರುಗಿತು. ಕರಿಯರೂ ಬಿಳಿಯರೂ ಸಮಸಮ ಸೇದಿದರೂ, ಅದನ್ನು ಇಟ್ಟುಕೊಂಡದ್ದಕ್ಕೆ ಬಂಧನ ಆಗುವುದು ಕರಿಯರಿಗೆ ಮೂರೂವರೆ ಪಟ್ಟಿಗೂ ಹೆಚ್ಚು ಎಂದು ಅಲ್ಲಿನ ನಾಗರಿಕ ಹಕ್ಕುಗಳ ಸಂಘಟನೆ 2013ರಲ್ಲಿ ಲೆಕ್ಕ ಕೊಟ್ಟಿತು. 2012ರಿಂದ ಅಲ್ಲಿಯ ಒಂದೊಂದೇ ರಾಜ್ಯ ಗಾಂಜಾವನ್ನು ಮುಕ್ತ ಮಾಡುತ್ತಿದೆ, 2018ರಲ್ಲಿ ಕೆನಡಾ ದೇಶವೇ ಮಾಡಿತು. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗದಲ್ಲಿ ಗಾಂಜಾವನ್ನು ಅತಿ ಅಪಾಯದ ಪಟ್ಟಿಯಿಂದ ತೆಗೆಯುವ ಮತಕ್ಕೆ ಭಾರತವೂ ಕೈ ಎತ್ತಿತು. ಅಲ್ಲಿ ಕೈ ಎತ್ತಿ, ಇಲ್ಲಿ ಕೈಗೆ ಕೋಳ.

ನಮ್ಮ ಕಾಯಿದೆಯ ಒಳಗೆ ಜಾತಿ ಹುಡುಕಿದರೆ ಸಿಗುತ್ತದೆ. ಹೂವು, ತೆನೆ ಗಾಂಜಾ. ಬರೀ ಎಲೆ, ಬೀಜ ಗಾಂಜಾ ಅಲ್ಲ. ಅರ್ಥ: ಹೋಳಿಗೆ, ಶಿವರಾತ್ರಿಗೆ ಅರೆದು ಕುಡಿಯುವ ಭಂಗಿಗೆ ರಿಯಾಯಿತಿ, ಉತ್ತರಪ್ರದೇಶ, ರಾಜಸ್ಥಾನದಲ್ಲಿ ಸರ್ಕಾರಿ ಪರವಾನಗಿಯ ಅಂಗಡಿ. ಭಂಗಿ ಈ ಕಾಯಿದೆಯೊಳಗೆ ಬರುವುದಿಲ್ಲ ಎಂದು 2022ರಲ್ಲಿ ನಮ್ಮ ಹೈಕೋರ್ಟೇ ಒಬ್ಬನಿಗೆ ಜಾಮೀನು ಕೊಟ್ಟಿತು. ಸುರಪುರ ತಾಲೂಕಿನ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದ. ಆರೂಢರು, ಅವಧೂತರು ಜಾತಿ ಬಿಟ್ಟು ಒಂದೇ ಚಿಲುಮೆ ಹಂಚಿಕೊಂಡು ಕೂತ ಪರಂಪರೆ ಈ ನಾಡಿನಲ್ಲಿದೆ. ಅದೇ ಗಿಡ ಬಡ ರೈತನ ತೊಗರಿ ಸಾಲಿನ ನಡುವೆ ಸಿಕ್ಕರೆ ಹತ್ತು ವರ್ಷದ ತನಕ ಕಠಿಣ ಸಜೆ, ಒಂದು ಲಕ್ಷದ ತನಕ ದಂಡ.

ಗಾಂಜಾ ಒಳ್ಳೆಯದು ಅಂತ ನಾವು ಹೇಳುತ್ತಿಲ್ಲ. ಹೆಂಡ ಬೇಡ, ಮಕ್ಕಳಿಗೆ ವಸತಿ ಶಾಲೆ ಕೊಡಿ ಎಂದು ಕೇಳಿದ ಚಳವಳಿಯ ಮಕ್ಕಳು ನಾವು. ನಶೆಯಿಂದ ಹಾಳಾದ ಹುಡುಗರು ನಮ್ಮ ಓಣಿಯಲ್ಲೇ ಇದ್ದಾರೆ. ನಮ್ಮ ಪ್ರಶ್ನೆ ಮಾಲು ಯಾರದು, ಜೈಲು ಯಾರದು ಎಂಬುದು. ಈ ಮಾಲು ಬರುವುದು ಬಹುಪಾಲು ಒಡಿಶಾ-ಆಂಧ್ರ ಗಡಿಯ ಗುಡ್ಡಗಳಿಂದ, ಹೋಗುವುದು ಪುಣೆ, ಮುಂಬೈಗೆ. ನಮ್ಮ ಜಿಲ್ಲೆ ನಡುವಿನ ರಸ್ತೆ. 2020ರ ಸೆಪ್ಟೆಂಬರಿನಲ್ಲಿ ಕಲಬುರ್ಗಿ ಜಿಲ್ಲೆಯ ಕಾಳಗಿ ಕಡೆ ಕುರಿದೊಡ್ಡಿಯೊಂದರಲ್ಲಿ 1,352 ಕಿಲೋ ಸಿಕ್ಕಿತು, ಹಿಡಿದವರು ಬೆಂಗಳೂರಿನಿಂದ ಬಂದ ಪೊಲೀಸರು. 2022ರ ಸೆಪ್ಟೆಂಬರಿನಲ್ಲಿ ಕಲಬುರ್ಗಿಯ ಪೊಲೀಸರು ಬಸವಕಲ್ಯಾಣಕ್ಕೆ ಹೊಂದಿದ ಮಹಾರಾಷ್ಟ್ರದ ಗಡಿಯ ಹೊಲಕ್ಕೆ ಹೋದಾಗ ಗುಂಪು ಬಿದ್ದು ಒಬ್ಬ ಇನ್‌ಸ್ಪೆಕ್ಟರರನ್ನು ಸಾಯುವ ಹಾಗೆ ಹೊಡೆದರು. 2024ರಲ್ಲಿ ಔರಾದ ತಾಲೂಕಿನ ವನಮಾರಪಳ್ಳಿ ಚೆಕ್‌ಪೋಸ್ಟಿನ ಹತ್ತಿರ ಮಹಾರಾಷ್ಟ್ರಕ್ಕೆ ಹೊರಟ ಲಾರಿಯೊಂದರಲ್ಲಿ ಸಾವಿರ ಕಿಲೋಗೂ ಮಿಕ್ಕಿ ಸಿಕ್ಕಿತು. 20 ಕಿಲೋ ದಾಟಿದರೆ ವ್ಯಾಪಾರದ ಪ್ರಮಾಣ, ಜಾಮೀನು ಸಿಗುವುದು ಕಷ್ಟ. ಹಾಗೆ ಒಳಗೆ ಹೋಗುವವರು ಡ್ರೈವರು, ಕ್ಲೀನರು, ಹೊಲ ಕಾಯುವವ, ಚೀಲ ಹೊತ್ತವ. ದೇಶದ ಜೈಲುಗಳಲ್ಲಿ ನೂರಕ್ಕೆ 75ರಷ್ಟು ಜನ ಇನ್ನೂ ವಿಚಾರಣೆ ಮುಗಿಯದವರು. ಲಾರಿ ತುಂಬಿಸಲು ರೊಕ್ಕ ಹಾಕಿದವ ಚೆಕ್‌ಪೋಸ್ಟಿಗೆ ಬರುವುದೇ ಇಲ್ಲ.

ಮುಕ್ತ ಮಾಡಿ ಅನ್ನುವವರಿಗೂ ನಮ್ಮದೊಂದು ಪ್ರಶ್ನೆ ಇದೆ. ಉತ್ತರಾಖಂಡದಲ್ಲಿ 2018ರಿಂದ ನಶೆ ಇಲ್ಲದ ಸೆಣಬಿನ ತಳಿಗೆ ಲೈಸೆನ್ಸು ಕೊಡುತ್ತಿದ್ದಾರೆ. ನಾಳೆ ಇಲ್ಲಿಯೂ ಕೊಟ್ಟರೆ ಯಾರ ಹೆಸರಿಗೆ? ಪಹಣಿ ಇದ್ದವನಿಗೆ. ಇವತ್ತು ಗಿಡಕ್ಕಾಗಿ ಜೈಲಿಗೆ ಹೋಗುತ್ತಿರುವವನ ಎದುರಿಗೇ ಅವನ ಧಣಿ ಅದೇ ಗಿಡದ ಕಂಪನಿ ತೆರೆಯುತ್ತಾನೆ. ಸಾರಾಯಿಯಲ್ಲಿ ಆದದ್ದೂ ಅದೇ.

2020ಕ್ಕೆ ಬಂದು ನಿಲ್ಲುತ್ತೇವೆ, ಆ ಒಂದೇ ವರ್ಷದಲ್ಲಿ ಈ ಜಿಲ್ಲೆ ಎರಡು ಸಂಗತಿ ಕಂಡಿತು. ಜನವರಿ 21ರಂದು ಬೀದರಿನ ಶಾಹೀನ್ ಶಾಲೆಯಲ್ಲಿ ನಾಲ್ಕು, ಐದು, ಆರನೇ ಇಯತ್ತೆಯ ಮಕ್ಕಳು ಒಂದು ನಾಟಕ ಆಡಿದರು. ವಿಷಯ, ಹಿಂದಿನ ತಿಂಗಳು ಪಾಸಾದ ಪೌರತ್ವ ತಿದ್ದುಪಡಿ ಕಾಯಿದೆ. ಯಾರು ಒಳಗಿನವರು, ಯಾರು ಹೊರಗಿನವರು, ಕಾಗದ ಎಲ್ಲಿಂದ ತರೋದು. ಅದರ ಮೇಲೆ ರಾಜದ್ರೋಹದ ಕೇಸು. ಜನವರಿ 30ರಂದು ಒಬ್ಬ ಶಿಕ್ಷಕಿಯನ್ನೂ, ಮನೆಗೆಲಸ ಮಾಡಿ ಮಗಳನ್ನು ಸಾಕುತ್ತಿದ್ದ ಒಬ್ಬ ತಾಯಿಯನ್ನೂ ಜೈಲಿಗೆ ಹಾಕಿದರು. ಎರಡು ವಾರ ಒಳಗಿದ್ದರು. ಮಕ್ಕಳನ್ನು ಪೊಲೀಸರು ಮತ್ತೆ ಮತ್ತೆ ಬಂದು ವಿಚಾರಿಸಿದರು. ಸಮವಸ್ತ್ರದಲ್ಲಿ, ಆಯುಧ ಸಮೇತ ಮಕ್ಕಳೆದುರು ಕೂತದ್ದು ಕಾನೂನಿಗೆ ವಿರುದ್ಧ ಎಂದು ಹೈಕೋರ್ಟು 2021ರಲ್ಲಿ ಹೇಳಿತು, 2023ರ ಜೂನಿನಲ್ಲಿ ಕಲಬುರ್ಗಿ ಪೀಠ ಕೇಸನ್ನೇ ರದ್ದು ಮಾಡಿತು. ಗವಾನನಿಗೆ ಒಂದು ಕಾಗದ ಸಾಕಾಗಿತ್ತು. ಇಲ್ಲಿ ಶಾಲೆಯ ಹುಡುಗಿಯ ಒಂದು ಮಾತು ಸಾಕಾಯಿತು.

ಅದೇ ವರ್ಷ ಮಾರ್ಚಿಗೆ ಲಾಕ್‌ಡೌನ್. ಮುಂಬೈ, ಪುಣೆಯಲ್ಲಿದ್ದ ಭಾಲ್ಕಿ, ಔರಾದ, ಕಮಲನಗರದ ಕೂಲಿಗಳು ಕೆಲಸ ಕಳೆದುಕೊಂಡು ಊರಿನ ಕಡೆ ಹೊರಟರು. ಮೇ 18ಕ್ಕೆ ಕರ್ನಾಟಕ ಸರ್ಕಾರ ಆದೇಶ ಮಾಡಿತು: ಮಹಾರಾಷ್ಟ್ರ, ಗುಜರಾತ, ತಮಿಳುನಾಡು, ಕೇರಳದಿಂದ ಬರುವವರಿಗೆ ಮೇ 31ರ ತನಕ ಪ್ರವೇಶ ಇಲ್ಲ. ಒಂದಿಂಚು ನೆಲ ಬಿಡುವುದಿಲ್ಲ ಎನ್ನುವ ರಾಜ್ಯ, ಆ ನೆಲದಲ್ಲಿ ಹುಟ್ಟಿದವರನ್ನು ಒಳಗೆ ಬಿಡಲಿಲ್ಲ.

ಔರಾದ, ಭಾಲ್ಕಿಯ ಶಾಲೆಗಳಲ್ಲಿ ಪಾಠ ಮಾಡುವ ಗೆಳೆಯರಿಗೆ ಒಂದು ವಿನಂತಿ. ನಿಮ್ಮ ಹಾಜರಿ ರಜಿಸ್ಟರು ತೆಗೆದು ಕಬ್ಬಿನ ಹಂಗಾಮಿನಲ್ಲಿ ಯಾವ ಮಕ್ಕಳ ಹೆಸರಿನ ಮುಂದೆ ಗೈರುಹಾಜರಿ ಬೀಳುತ್ತದೆ, ಯಾವ ತಿಂಗಳಿಂದ ಯಾವ ತಿಂಗಳ ತನಕ, ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಎದುರಿಗೆ ಜಾತಿಯ ಕಲಮೂ ಇರುತ್ತದೆ, ಅದನ್ನೂ ಬರೆಯಿರಿ. ಆ ಮಕ್ಕಳು ತಿರುಗಿ ಬಂದಾಗ ಯಾವ ಊರಿಗೆ ಹೋಗಿದ್ದಿರಿ ಎಂದು ಕೇಳಿ, ಅದನ್ನೂ ಸೇರಿಸಿ ನಮಗೆ ಕಳಿಸಿ.